ಬಾಣಂತಿಗೆ ಬಾವಿ ತುಂಬಿಸಿದ ಕೆಂಚವ್ವ

ಒಂದೂರಲ್ಲಿ ಒಬ್ಬ ಅರಸ ಇದ್ದನಂತೆ. ಭಾರೀ ಅರಸನೇನಲ್ಲ. ಒಂದು ಕೋಟೆ, ಒಂದು ಗುಡ್ಡ, ಒಂದು ಬಾವಿ, ಒಬ್ಬಳೇ ಮಗಳು ಚಿನ್ನಾಜಮ್ಮ. ಮಗಳ ಮದುವೆಗೆ ಬೀಗರು ಬರುವಾಗ ಅರಸನಿಗೆ ತನ್ನ ಗುಡ್ಡ ನೋಡಿ ನಾಚಿಕೆಯಾಯಿತಂತೆ. ಮತ್ತಿ, ಹೊನ್ನೆ, ಬಿದಿರು, ಬಳ್ಳಿ ಎಲ್ಲಾ ಒಂದರೊಳಗೊಂದು ಹೆಣೆದುಕೊಂಡಿತ್ತು. ‘ನಮ್ಮನ್ನ ಕಾಡುಜನ ಅಂದಾರು’ ಅಂತ ಎಲ್ಲ ಕಡಿಸಿ, ತರಗೆಲೆಯನ್ನೂ ಗುಡಿಸಿಹಾಕಿಸಿದ. ಬೀಗರು ಗುಡ್ಡದ ಕಡೆ ತಿರುಗಿಯೂ ನೋಡಲಿಲ್ಲ, ಹೋಳಿಗೆ ಉಂಡು ಹೋದರು.

ಎರಡು ವರ್ಷಕ್ಕೆ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಕೂಸಾಯಿತು. ಕರೆದೊಯ್ಯಲು ಅಳಿಯ ಬಂದ. ಆ ಊರ ಪದ್ಧತಿ ಏನಪ್ಪಾ ಅಂದರೆ, ಬಾಣಂತಿ ತವರಿನ ಬಾವಿಗೆ ಗಂಗೆಪೂಜೆ ಮಾಡಿ, ಕೈಯಾರೆ ಒಂದು ಕೊಡ ನೀರು ಸೇದಿದ ಮೇಲೆಯೇ ಗಂಡನ ಮನೆಗೆ ಹೊರಡಬೇಕು. ಚಿನ್ನಾಜಮ್ಮ ಕೊಡ ಇಳಿಸಿದರೆ ಟಣ್ ಅಂತ ಕಲ್ಲಿಗೆ ಬಡಿಯಿತಂತೆ.

“ಅಪ್ಪಯ್ಯ, ನಾನಿನ್ನು ನಮ್ಮನೆಗೆ ಹೋಗೋದು ಯಾವಾಗ?” ಅಂತ ಅವಳು ಅತ್ತಳು. ಅಳಿಯ ಅಳಲಿಲ್ಲ. ಮಾವನ ಮನೆಯ ತುಪ್ಪ ಚೆನ್ನಾಗಿತ್ತು. ಕೂತ, ಉಂಡ, ಮತ್ತೆ ಕೂತ.

ಅರಸ ಹತ್ತಾಳು ಆಳ ತೋಡಿಸಿದ, ಇಪ್ಪತ್ತಾಳು ತೋಡಿಸಿದ, ಮೂವತ್ತಾಳು ತೋಡಿಸಿದ. ಮಣ್ಣು ಬಂತು, ಕಲ್ಲು ಬಂತು, ನೀರು ಬರಲಿಲ್ಲ. ಮೋಡ ಬಂದರೆ ಕಾದ ಗುಡ್ಡದ ಬಿಸಿ ತಾಗಿ ಮುಂದಿನೂರಿಗೆ ಹೋಗುತ್ತಿತ್ತು. ಕೊನೆಗೆ ಅರಸ ಗಂಗಮ್ಮನಿಗೆ ಮುಡಿ ಕೊಟ್ಟು ತಲೆ ಬೋಳಿಸಿಕೊಂಡ.

ಬಾವಿ ತೋಡುವವರಲ್ಲಿ ಕೆಂಚವ್ವ ಅಂತ ಒಬ್ಬ ಮುದುಕಿ. “ಬುದ್ಧೀ, ತಪ್ಪು ತಿಳೀಬ್ಯಾಡಿ” ಅಂದವಳೇ, ಹೊಳೆಯಿಂದ ಗಾಡಿಯಲ್ಲಿ ಬಂದಿದ್ದ ನೀರನ್ನು ಒಂದು ಚೊಂಬು ಅರಸನ ಬೋಳುತಲೆಗೆ ಸುರಿದಳು, ಒಂದು ಚೊಂಬು ಅಳಿಯನ ಸೊಂಪಾದ ಕೂದಲಿಗೆ. ಅರಸನ ತಲೆ ಆಗಲೇ ಒಣಗಿ ಬಿಸಿಲಿಗೆ ಚುರುಗುಟ್ಟಿತು. ಅಳಿಯನ ಕೂದಲಿಂದ ಊಟದ ಹೊತ್ತಾದರೂ ತೊಟ್ಟು ತೊಟ್ಟು ಇಳಿಯುತ್ತಿತ್ತು.

“ಗುಡ್ಡದ ತಲೇನೂ ನಿಮ್ಮ ತಲೆ ಹಂಗೇ ಆಗೈತೆ. ಬಿದ್ದ ಮಳೆನೀರು ಅಲ್ಲಿ ನಿಲ್ಲಾಕಿಲ್ಲ. ಬಾವಿಗೆ ನೀರು ಬರ್ತಿದ್ದುದೇ ಆ ಮರಗಳ ಬೇರಿನ ಸಂದಿಯಿಂದ.”

“ಹಂಗಾದ್ರೆ ಸಸಿ ತರಿಸ್ತೀನಿ.”

“ಏನೂ ಬ್ಯಾಡ. ಕಡಿದ ಬೊಡ್ಡೆ ಇನ್ನೂ ಸತ್ತಿಲ್ಲ. ದನ ಬಿಡಬ್ಯಾಡಿ, ಕೊಡಲಿ ಬಿಡಬ್ಯಾಡಿ, ತರಗು ಗುಡಿಸಬ್ಯಾಡಿ. ಕಾಯಾಕೆ ಒಬ್ಬ ಆಳು ಬೇಕು, ಅಷ್ಟೆ.”

ಎಲ್ಲರೂ ಅಳಿಯನ ಕಡೆ ನೋಡಿದರಂತೆ.

ಅಳಿಯ ಗುಡ್ಡ ಕಾದ, ಮಳೆನೀರು ಇಂಗಲಿ ಅಂತ ಇಳಿಜಾರಿಗೆ ಅಡ್ಡಡ್ಡ ಗುಂಡಿ ತೋಡಿದ. ಒಂದನೇ ಮಳೆಗಾಲಕ್ಕೆ ಬೊಡ್ಡೆ ಚಿಗುರಿತು, ಎರಡನೆಯದಕ್ಕೆ ಆಳೆತ್ತರ ಆಯಿತು. ಮೂರು, ನಾಲ್ಕು, ಐದು ಮಳೆಗಾಲ ಹೋಯಿತು. ಬೆಳಗ್ಗೆ ಗುಡ್ಡದ ಮೇಲೆ ಮಂಜು ಕೂರತೊಡಗಿತು, ಮೋಡವೂ ನಿಂತು ಸುರಿದು ಹೋಗತೊಡಗಿತು. ಒಂದು ದಿನ ಬಾವಿಯಲ್ಲಿ ಇಣುಕಿದವರಿಗೆ ಅವರ ಮುಖ ಕಂಡಿತು. ಚಿನ್ನಾಜಮ್ಮನ ಗಂಗೆಪೂಜೆಗೆ ಅವಳ ಕೂಸೂ ಜೊತೆಗೆ ಹಗ್ಗ ಹಿಡಿದು ಸೇದಿತಂತೆ, ಅಷ್ಟು ದೊಡ್ಡದಾಗಿತ್ತು. ತಾಯಿ ಮಗಳು ನಗುತ್ತಾ ಗಾಡಿ ಹತ್ತಿದರು. ಅಳಿಯ ಮಾತ್ರ ಹತ್ತಲೊಲ್ಲ.

“ಯಾಕಪ್ಪಾ?” ಅಂದ ಅರಸ.

“ಅಲ್ಲಿ ಸೆಕೆ, ಮಾವ. ಮದುವೆ ಮುಗಿಸಿ ನೀವು ನಮ್ಮೂರಿಗೆ ಬರ್ತೀರಿ ಅಂತ ನಮ್ಮಪ್ಪನೂ ಗುಡ್ಡ ಕಡಿಸಿಬಿಟ್ಟಿದ್ದ.”

ಅರಸ ತನ್ನ ತಲೆ ಮುಟ್ಟಿ ನೋಡಿಕೊಂಡ, ಕೂದಲು ಚೆನ್ನಾಗಿ ಬೆಳೆದಿತ್ತು. ಕೆಂಚವ್ವ ತನ್ನ ಚೊಂಬು ಎತ್ತಿಕೊಂಡು ಗಾಡಿ ಹತ್ತಿ ಕೂತಳಂತೆ.

ಅವಳ ಗಾಡಿ ಆ ಕಡೆ ಹೋಯಿತು, ನನ್ನ ಕಥೆ ಈ ಕಡೆ ಮುಗಿಯಿತು. ಹೇಳಿ ಹೇಳಿ ಗಂಟಲು ಒಣಗಿದೆ, ನಿಮ್ಮ ಬಾವಿಯದೊಂದು ಚೊಂಬು ನೀರು ಕೊಡ್ರವ್ವ.