ಬೈರಕ್ಕನ ಬುತ್ತಿಗಲ್ಲು

ಘಟ್ಟದ ಅಂಚಿನಲ್ಲಿ, ಈಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವ ಹುಲ್ಲುಗಾವಲಿನ ಸಾಲಿನಲ್ಲಿ, ಹೊಗೆಮಲೆ ಎಂಬ ಶಿಖರವಿದೆ. ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿದು ಬರಬಹುದಾದ ಬೆಟ್ಟಗಳಲ್ಲಿ ಇಷ್ಟು ಉದಾರಿಯಾದದ್ದನ್ನು ನಾನು ಬೇರೆ ಕಂಡಿಲ್ಲ. ಬುಡದಲ್ಲಿ ತಿಳಿನೀರಿನ ಹಳ್ಳ, ನಡುವೆ ಕಾಡಿನ ತಂಪು, ಅದನ್ನು ದಾಟಿದರೆ ಸೊಂಟದೆತ್ತರದ ಹುಲ್ಲು. ಮಾಗಿಯ ಬೆಳಗಿನಲ್ಲಿ ಆಕಾಶ ಶುಭ್ರವಾಗಿದ್ದರೆ ನೆತ್ತಿಯಿಂದ ಪಡುವಣ ಕಡಲು ಬೆಳ್ಳಿಯ ಎಳೆಯಂತೆ ಕಾಣುತ್ತದೆ. ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ ಮನೆಯಷ್ಟು ದೊಡ್ಡದೊಂದು ಬಂಡೆಯಿದೆ. ಅದರ ಮೂಡಣ ಮೈಯಲ್ಲಿ ಒಂದರ ಮೇಲೊಂದು ಸಾಲಾಗಿ ಸಣ್ಣ ಗೂಡುಗಳಿವೆ. ಕಡೆದವುಗಳಲ್ಲ, ಕಲ್ಲಿನಲ್ಲೇ ಇರುವಂಥವು. ಗೇಟಿನಲ್ಲಿ ಚೀಟಿ ಪಡೆದು ಬೆಟ್ಟ ಹತ್ತುವವರೆಲ್ಲ ಇಲ್ಲಿ ನಿಂತು, ತಂದ ಊಟವನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಗೂಡಿನಲ್ಲಿಟ್ಟು, ಮಂಗಗಳ ಕಾಟಕ್ಕೆ ಬಾಯಿಗೊಂದು ಚಪ್ಪಡಿ ಮುಚ್ಚಿ ಮುಂದೆ ಹೋಗುತ್ತಾರೆ. ಇಳಿಯುವಾಗ ಅವರವರ ಪಾಲನ್ನು ಅವರವರೇ ತೆಗೆದುಕೊಳ್ಳಬೇಕು. ಸಂಜೆ ಯಾವ ಗೂಡಿನ ಬಾಯಿ ಮುಚ್ಚಿಯೇ ಇದೆಯೋ, ಆ ಗೂಡಿನವರು ಇನ್ನೂ ಮೇಲಿದ್ದಾರೆ ಎಂದು ಲೆಕ್ಕ. ಇದು ಬೈರಕ್ಕನ ಬುತ್ತಿಗಲ್ಲು.

ಈ ಹೆಸರಿನ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ ಕುಮುದಾ. ಅವಳ ತವರು ಈ ಬೆಟ್ಟದ ಬುಡದಲ್ಲೇ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಇಲ್ಲಿಗೆ ಕರೆತರುವಾಗ ನಾನು ಕಥೆ ಹೇಳುತ್ತಿದ್ದೆ, ಎಲ್ಲಾದರೂ ತಪ್ಪಿದರೆ ಅವಳು ತಿದ್ದುತ್ತಿದ್ದಳು. ಈಗ ತಿದ್ದುವವರಿಲ್ಲದ ಕಾರಣ ಎಚ್ಚರದಿಂದ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಬೆಟ್ಟಕ್ಕೆ ಬೇಲಿ ಗೇಟುಗಳಿಲ್ಲದ ಕಾಲದಲ್ಲಿ, ಬುಡದ ಮೂರು ಕೇರಿಗಳ ಜನ ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರಂತೆ. ಬುತ್ತಿಯ ಅರ್ಧವನ್ನು ಕಲ್ಲಿನ ಗೂಡಿನಲ್ಲಿಡುವ ಪದ್ಧತಿ ಆಗಲೇ ಇತ್ತು. ಜೊತೆಗೊಂದು ಕಟ್ಟಳೆಯೂ ಇತ್ತು: ಗೂಡಿನಲ್ಲಿಟ್ಟ ಬುತ್ತಿಯ ಗಂಟನ್ನು ಇಟ್ಟವನು ಬಿಚ್ಚಬೇಕು, ಇಲ್ಲವೇ ಮನೆಯಲ್ಲಿ ಅದನ್ನು ಕಟ್ಟಿಕೊಟ್ಟವರು ಬಿಚ್ಚಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಗಂಟು ಬಿಚ್ಚದೆ ಇರುವವರೆಗೆ ಆ ಮನುಷ್ಯ ಬದುಕಿದ್ದಾನೆ. ಅಲ್ಲಿಯವರೆಗೆ ಮೂರೂ ಕೇರಿಯವರು ದಿನಾ ಬೆಳಗ್ಗೆ ಬೆಟ್ಟ ಹತ್ತಿ ಅವನನ್ನು ಹುಡುಕಬೇಕು.

ಕೆಳಗಿನ ಕೇರಿಯಲ್ಲಿ ಬೈರಕ್ಕ ಎಂಬವಳಿದ್ದಳು. ತಾಯಿ ತೀರಿಕೊಂಡ ಮೇಲೆ ತಮ್ಮ ಕೆಂಚನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ರಾಗಿರೊಟ್ಟಿ ತಟ್ಟುವುದರಲ್ಲಿ ಮಾತ್ರ ಅವಳ ಕೈ ಸ್ವಲ್ಪ ಒರಟು. ಕೆಂಚ ಅದನ್ನು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಭರಣಿ ಮಳೆಯ ದಿನಗಳ ಒಂದು ಬೆಳಗ್ಗೆ, ಗಬ್ಬದ ಹಸುವೊಂದು ಮೇಲೇ ಉಳಿದುಬಿಟ್ಟಿದೆಯೆಂದು ಅವನು ಹುಡುಕಲು ಹೊರಟ. ಬೈರಕ್ಕ ಬುತ್ತಿ ಕಟ್ಟಿಕೊಟ್ಟಳು.

“ಅಕ್ಕಾ, ದಾರೀಲಿ ಹುಲಿ ಬಂದ್ರೆ ಕೋಲು ಬೇಡ ಕಣೆ, ನಿನ್ನ ರೊಟ್ಟಿ ಬೀಸಿ ಹೊಡೆದ್ರೆ ಸಾಕು.”

“ಹೊಡಿಯೋ, ಹೊಡೆದಿದ್ದನ್ನ ಎತ್ಕೊಂಡು ಬಂದು ತಿನ್ನು. ರಾಗಿ ಏನು ಬಿಟ್ಟಿ ಬಂದಿದ್ದಾ?” ಎಂದಳಂತೆ ಬೈರಕ್ಕ.

ಆ ಮಧ್ಯಾಹ್ನ ಮಂಜು ಕವಿಯಿತು. ಹಸು ಸಂಜೆಗೆ ತಾನಾಗಿ ಇಳಿದು ಬಂತು. ಕೆಂಚ ಬರಲಿಲ್ಲ. ಮರುದಿನ ನೋಡಿದರೆ ಎಲ್ಲಕ್ಕಿಂತ ಮೇಲಿನ ಗೂಡಿನ ಬಾಯಿ ಮುಚ್ಚಿಯೇ ಇತ್ತು.

ಮೂರು ಕೇರಿಯವರೂ ಹುಡುಕಲು ಹೊರಟರು. ಹುಲ್ಲಿನ ಇಳಿಜಾರು, ಕಣಿವೆಯ ಕಾಡು, ಪಡುವಣದ ಪ್ರಪಾತದ ಅಂಚು, ಒಂದನ್ನೂ ಬಿಡಲಿಲ್ಲ. ದಿನಗಳು ವಾರಗಳಾದವು, ಭರಣಿ ಮುಗಿದು ಕೃತ್ತಿಕೆ ಹುಟ್ಟಿತು, ಹಳ್ಳದಲ್ಲಿ ನೀರು ಕೆಂಪಾಗಿ ಏರತೊಡಗಿತು. ನೆನೆದ ಹುಲ್ಲಿನ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಆದರೂ ಒಬ್ಬರಾದರೂ ಬೈರಕ್ಕನ ಎದುರು ನಿಂತು ಸಾಕು ಎನ್ನಲಿಲ್ಲ. ಈ ಕಥೆಯಲ್ಲಿ ನನ್ನನ್ನು ಬೆರಗುಗೊಳಿಸುವುದು ಈ ಭಾಗ. ಹೊಲಗಳು ಉಳುಮೆಗೆ ಕಾದಿದ್ದವು. ಅವರು ಬೆಳಗಾದರೆ ಬೆಟ್ಟ ಹತ್ತುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಮಾಸ್ತಿ ಪ್ರಪಾತದ ಅಂಚಿನಲ್ಲಿ ಜಾರಿ, ಪುಣ್ಯಕ್ಕೆ ಒಂದು ಗಿಡಕ್ಕೆ ಸಿಕ್ಕಿಕೊಂಡು, ಕಾಲು ಮುರಿದುಕೊಂಡು ಬಂದ. ಬೈರಕ್ಕ ನೋಡಲು ಹೋದಾಗ ಅವನ ಹೆಂಡತಿ ಲಕ್ಕಿ ಅವಳನ್ನು ದೂರಲಿಲ್ಲ. “ನಾಳೆ ಇವರ ಬದಲು ನಾನು ಹತ್ತುತೀನಿ ಬೈರಕ್ಕ” ಎಂದಳು, ಅಷ್ಟೇ. ಲಕ್ಕಿಯ ಸೊಂಟದಲ್ಲಿ ಮೊಲೆಹಾಲಿನ ಕೂಸಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಜನ ಬಂಡೆಯ ಬಳಿಗೆ ಬಂದಾಗ ಬೈರಕ್ಕ ಮೊದಲೇ ಅಲ್ಲಿ ಕುಳಿತಿದ್ದಳು. ಮೇಲಿನ ಗೂಡಿನ ಚಪ್ಪಡಿ ನೆಲದ ಮೇಲಿತ್ತು. ಬುತ್ತಿ ಅವಳ ಮಡಿಲಲ್ಲಿತ್ತು.

“ಇವತ್ತಿಂದ ಯಾರೂ ಹತ್ತಬೇಡಿ” ಎಂದಳು.

ಕೇರಿಯ ಹಿರಿಯ ಮುದ್ದಜ್ಜ ಅವಳ ಎದುರು ಕುಳಿತ. “ಗಂಟು ಬಿಚ್ಚಿಲ್ವಲ್ಲ ಮಗಾ. ಬಿಚ್ಚೋ ತನಕ ನಾವು ಹತ್ತೋರೇ. ನಮ್ಮ ಮುಖ ನೋಡಿ ಬಿಚ್ಚಬೇಡ.”

“ಲಕ್ಕಿ ಕೂಸಿನ ಮುಖ ನೋಡಿ ಬಿಚ್ತೀನಿ ಅಜ್ಜಾ.”

ಥಂಡಿಗೆ ಬಟ್ಟೆ ಬಿಗಿದುಕೊಂಡು ಗಂಟು ಕಲ್ಲಾಗಿತ್ತು. ಯಾರೋ ಕುಡುಗೋಲು ಮುಂದೆ ಮಾಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಉಗುರಿನಿಂದ ಕೆದಕುತ್ತ, ಹಲ್ಲಿನಿಂದ ಎಳೆಯುತ್ತ, ಅಳದೆ, ಅವಸರಪಡದೆ ಬಿಚ್ಚಿದಳು. ಅಷ್ಟು ಹೊತ್ತೂ ಎಲ್ಲರೂ ಮಳೆಯಲ್ಲಿ ನಿಂತಿದ್ದರು. ಒಳಗಿನ ರೊಟ್ಟಿ ಮಳೆ ಹಿಡಿಯುವ ಮುಂಚೆಯೇ ಒಣಗಿ ಹೆಂಚಿನಂತಾಗಿತ್ತು. ಅವಳು ಅದನ್ನು ಕಲ್ಲಿಗೆ ಕುಟ್ಟಿ ಮುರಿದು ಬಂದವರಿಗೆಲ್ಲ ಒಂದೊಂದು ಚೂರು ಕೊಟ್ಟಳು. ಹಲ್ಲಿಲ್ಲದ ಮುದ್ದಜ್ಜ ತನ್ನ ಪಾಲನ್ನು ಬಾಯೊಳಗೆ ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ಸೋತು, “ಗಟ್ಟಿಯಾಗಿದೆ ಕಣವ್ವಾ. ನಿನ್ನ ತಮ್ಮ ಹೇಳ್ತಿದ್ದದ್ದು ಸುಳ್ಳಲ್ಲ” ಎಂದ. ಬೈರಕ್ಕ ನಕ್ಕುಬಿಟ್ಟಳು. ನಗು ಅರ್ಧಕ್ಕೆ ಒಡೆದು ಅಳುವಾಯಿತು. ಆಗ ಲಕ್ಕಿ ಬಂದು ಅವಳನ್ನು ಹಿಡಿದುಕೊಂಡಳು ಎನ್ನುತ್ತಾರೆ.

ಅಲ್ಲಿಂದಾಚೆಗೆ ಬೈರಕ್ಕ ಬದುಕಿರುವವರೆಗೂ ಬೇಸಿಗೆಯ ಪ್ರತಿ ಮಧ್ಯಾಹ್ನ ಆ ಬಂಡೆಯ ಬುಡದಲ್ಲಿ ಬಂದು ಕೂರುತ್ತಿದ್ದಳಂತೆ. ಮಂಜು ಕವಿದರೆ ಕೊಂಬು ಊದಿಸುವಳು. ಬಂಡೆಯ ನೆರಳು ಕಾಡಿನ ಅಂಚನ್ನು ಮುಟ್ಟುವುದರೊಳಗೆ ಇಳಿದು ಬಾರದವರಿಗೆ ಬಾಯಿ ತುಂಬ ಬೈಯುವಳು. ಕೊನೆಯ ಬುತ್ತಿಯನ್ನು ಅದರ ಒಡೆಯ ಎತ್ತಿಕೊಂಡ ಮೇಲೆಯೇ ಅವಳು ಮನೆಗೆ ಹೊರಡುತ್ತಿದ್ದದ್ದು. ಬಂಡೆಗೆ ಅವಳ ಹೆಸರು ಹೀಗೆ ನಿಂತಿತು.

ಇಂದು ಆ ಜಾಗದಲ್ಲಿ ಕೂರುವವಳು ಗೈಡ್ ನೀಲು. ಪ್ರವಾಸಿಗರು ಹೊತ್ತಿಗೆ ಮುಂಚೆ ಹೊರಡಬೇಕು, ನೀರು ಇಷ್ಟು ಒಯ್ಯಬೇಕು, ನೆರಳು ನೋಡಿ ತಿರುಗಬೇಕು ಎಂದೆಲ್ಲ ಬೆಳಗ್ಗೆ ಹೇಳುವವಳೂ ಅವಳೇ. ಇಳಿದು ಬಂದವರು ತಮ್ಮ ಪಾಲಿನಿಂದ ಅವಳಿಗೊಂದು ತುತ್ತು ಕೊಡುವುದು ವಾಡಿಕೆ. ಕಳೆದ ಮಾಗಿಯಲ್ಲಿ ನಾನು ಒಬ್ಬನ ಊಟವನ್ನೇ ಎರಡು ಪಾಲು ಮಾಡಿಟ್ಟು ಹತ್ತಿ ಇಳಿದಾಗ, ಎಲ್ಲರಿಗಿಂತ ಕೊನೆಗೆ ಪಟ್ಟಣದ ಒಬ್ಬ ಹುಡುಗಿ ಬಂದು ಡಬ್ಬಿ ತೆರೆದು ನೀಲುಗೆ ಇಡ್ಲಿ ಕೊಟ್ಟಳು. ಹತ್ತಿಯಂಥ ಇಡ್ಲಿ. ನೀಲು ಗಂಭೀರವಾಗಿ ಅಗಿದು, “ಗಟ್ಟಿಯಾಗಿದೆ ಕಣವ್ವಾ” ಎಂದಳು. ಹುಡುಗಿಯ ಮುಖ ಸಣ್ಣದಾಯಿತು. “ಬೇಜಾರು ಮಾಡ್ಕೋಬೇಡಿ, ಯಾರು ಏನು ಕೊಟ್ರೂ ನಾವು ಹಾಗೇ ಅನ್ನಬೇಕು” ಎಂದು ನೀಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿದಳು. ಒಂದೆರಡು ಕಡೆ ಅವಳು ಹೇಳಿದ್ದು ಕುಮುದಾ ಹೇಳಿದಂತಿರಲಿಲ್ಲ. ನಾನು ತಿದ್ದಲಿಲ್ಲ.

ಕಥೆ ಮುಗಿದ ಮೇಲೆ ನೀಲು ಎದ್ದು, ಕಣ್ಣಿಗೆ ಕಂಡರೂ ಸಾಲದೆಂಬಂತೆ, ಒಂದೊಂದು ಗೂಡಿನೊಳಕ್ಕೂ ಕೈ ಹಾಕಿ ನೋಡಿದಳು. ಎಲ್ಲಕ್ಕಿಂತ ಮೇಲಿನ ಗೂಡಿನಲ್ಲಿ ಯಾರೂ ಏನನ್ನೂ ಇಡುವುದಿಲ್ಲ. ಅದರ ಚಪ್ಪಡಿ ಬೈರಕ್ಕ ಇಳಿಸಿದ್ದ ಕಡೆಯೇ, ಅರ್ಧ ಹುಲ್ಲಿನಲ್ಲಿ ಹುದುಗಿ, ಇಂದಿಗೂ ನೆಲದ ಮೇಲಿದೆ. ನೀಲು ಆ ಗೂಡಿಗೂ ಕೈ ಹಾಕಿ ನೋಡಿ, ಆಮೇಲೆ ನಮ್ಮನ್ನು ಕರೆದುಕೊಂಡು ಇಳಿದಳು.