ಕಾರಿನ ಹಿಂದೆ ನಿಂತವಳು

"ಹೊಂಗನೂರು ಸಂಸ್ಥಾನದ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಸೋಮವಾರ ಬೆಳಗ್ಗೆ ಮಹಾರಾಜರ ಪೇಟವು ಕಾರಿನ ಚಾವಣಿಗೆ ತಗುಲಿ ಎರಡು ಬೆರಳಿನಷ್ಟು ಓರೆಯಾಗಿದೆ. ಬಾವುಟಗಳನ್ನು ಅರ್ಧಕ್ಕೆ ಇಳಿಸಲಾಗಿದೆ. ಸಂತೆ ರದ್ದಾಗಿದೆ. ಚಾಲಕ ಬೂದೆಪ್ಪನನ್ನು ಸೆರೆಯಲ್ಲಿಡಲಾಗಿದ್ದು, ಹುಣ್ಣಿಮೆಯ ದಿನ ಗಲ್ಲಿಗೇರಿಸಲಾಗುವುದು. ಆದರೂ ಮಹಾರಾಜರು ನ್ಯಾಯವಂತರು. ಕಾರಿನ ವಿಷಯದಲ್ಲಿ ಅವರಿಗೆ ಮೂರು ಒಗಟುಗಳಿವೆ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರು ತಲೆ ಕಳೆದುಕೊಳ್ಳುವರು."

ಹೀಗೆಂದು ಡಂಗುರದವನು ಊರೆಲ್ಲ ಸಾರಿದ.

ಕಾರು ಮಹಾರಾಜರ ತಂದೆಯ ಕಾಲದ್ದು. ಅದಕ್ಕಿಂತ ಹಳೆಯದಾದ ಕಟ್ಟಳೆಯೊಂದು ಸಂಸ್ಥಾನದಲ್ಲಿತ್ತು: ರಾಜನ ಬೆನ್ನ ಹಿಂದೆ ಯಾರೂ ನಿಲ್ಲಬಾರದು, ನಿಂತರೆ ತಲೆದಂಡ. ಮುತ್ತಜ್ಜನೊಬ್ಬನನ್ನು ಯಾರೋ ಹಿಂದಿನಿಂದ ಇರಿದಿದ್ದರಂತೆ. ಕಾರು ಬಂದ ಮೇಲೆ ಕಟ್ಟಳೆ ಕಾರಿಗೂ ಅನ್ವಯವಾಯಿತು. ಹಾಗಾಗಿ ಕಾರನ್ನು ಮುಂಭಾಗದಿಂದ ಬಾಗಿಲಿನವರೆಗೆ ಮಾತ್ರ ತೊಳೆಯುತ್ತಿದ್ದರು. ರಿಪೇರಿಯೂ ಅಲ್ಲಿಯವರೆಗೇ. ಮುಂದಿನ ಸ್ಪ್ರಿಂಗುಗಳನ್ನು ವರ್ಷವರ್ಷವೂ ಬದಲಿಸಿ ಕುಂಕುಮ ಹಚ್ಚುತ್ತಿದ್ದರು. ಹಿಂದಿನವು ಹೇಗಿವೆ ಎಂದು ವಿಚಾರಿಸುವುದು ಮರ್ಯಾದಸ್ಥರ ಲಕ್ಷಣವಾಗಿರಲಿಲ್ಲ.

ಅರಮನೆಯ ಅಂಗಳದಲ್ಲಿ ಕಾರು ನಿಂತಿತು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಮಹಾರಾಜರು ಮೊದಲ ಒಗಟು ಹೇಳಿದರು. "ದಾರಿಯಲ್ಲಿ ಇರುವುದು ಒಂದೇ ಗುಂಡಿ. ಅದನ್ನು ದಾಟಿದರೆ ನನಗೆ ನಾಲ್ಕು ಗುಂಡಿ ದಾಟಿದಂತಾಗುತ್ತದೆ. ಉಳಿದ ಮೂರು ಎಲ್ಲಿಂದ ಬಂದವು?"

ನೆರೆರಾಜ್ಯದ ರಾಜಕುಮಾರ, ಅದು ಶತ್ರುಗಳ ಮಾಟವೆಂದ. ಆಸ್ಥಾನದ ಜ್ಯೋತಿಷಿ, ಶನಿ ನಾಲ್ಕನೆಯ ಮನೆಯಲ್ಲಿರುವುದರಿಂದ ಗುಂಡಿಯೂ ನಾಲ್ಕೆಂದ. ರಸ್ತೆ ಮಂತ್ರಿ, ತಮ್ಮ ಇಲಾಖೆಯ ದಾಖಲೆಯಂತೆ ಅಲ್ಲಿ ಗುಂಡಿಯೇ ಇಲ್ಲವೆಂದ. ಮೂವರನ್ನೂ ತಲೆ ಕಡಿಯುವವನ ಮನೆಯ ಜಗಲಿಯ ಮೇಲೆ ಸರದಿಯಂತೆ ಕೂರಿಸಲಾಯಿತು.

ಆಮೇಲೆ ಬೂದೆಪ್ಪನ ಮಗಳು ನೀಲಗಂಗಾ ಬಂದಳು. ಕೋಟೆ ಬಾಗಿಲಲ್ಲಿ ಮಂಡಕ್ಕಿ ಮಾರುವವಳು, ಅಪ್ಪನ ಬಾಯಲ್ಲಿ ಕಾರಿನ ಮಾತು ಕೇಳುತ್ತಲೇ ಬೆಳೆದವಳು. ಒಗಟನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಕಾರಿನ ಹಿಂಭಾಗಕ್ಕೆ ನಡೆದಳು.

ಅರಮನೆಯ ಮೆಕ್ಯಾನಿಕ್ ಖಾದರ್ ಮೇಸ್ತ್ರಿ ತುಟಿ ಅಲ್ಲಾಡಿಸದೆ ಹೇಳಿದ, "ತಂಗಿ, ಬೇಡವ್ವ. ಈ ಕಡೆ ಬಾ."

"ಈ ಕಡೆಯಿಂದ ನೀವೆಲ್ಲ ನೋಡಿದ್ದೀರಲ್ಲ, ಮಾಮಾ."

ಮಹಾರಾಜರು ಎದ್ದು ನಿಂತರು. "ಅಲ್ಲಿ ನಿಂತರೆ ತಲೆ ಹೋಗುತ್ತದೆ, ಗೊತ್ತೇನು?"

"ಗೊತ್ತು, ಮಹಾಸ್ವಾಮಿ. ಉತ್ತರ ತಪ್ಪಿದರೂ ಹೋಗುತ್ತದೆ. ನನಗಿರುವುದು ಒಂದು. ಯಾವ ತಪ್ಪಿಗೆ ಬೇಕೋ ಅದಕ್ಕೆ ಜಮಾ ಮಾಡಿಕೊಳ್ಳಿ."

ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು ಬಲವಾಗಿ ಒತ್ತಿ ಬಿಟ್ಟಳು. ಕಾರು ಎದ್ದಿತು, ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಅವಳು ಕೈ ತೆಗೆದು ಎಷ್ಟು ಹೊತ್ತಾದರೂ ತೂಗುತ್ತಲೇ ಇತ್ತು. ದರಬಾರಿನವರ ತಲೆಗಳೂ ಅದರೊಂದಿಗೆ ತೂಗಿದವು.

"ಗುಂಡಿ ಬಂದರೆ ಸ್ಪ್ರಿಂಗಿನ ಕಮಾನು ಪಟ್ಟಿ ಜಿಗಿಯುತ್ತದೆ, ಅದು ಅದರ ಗುಣ. ಒಂದು ಸಲ ಜಿಗಿದದ್ದು ಸಾಕು ಎಂದು ಹಿಡಿದು ನಿಲ್ಲಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ಅದರ ಎಣ್ಣೆಯೆಲ್ಲ ಸೋರಿಹೋಗಿದೆ. ಆ ಮೂರು ಗುಂಡಿಗಳು ದಾರಿಯಲ್ಲಿಲ್ಲ, ನಿಮ್ಮ ಕಾರಿನಲ್ಲಿವೆ."

ಮಹಾರಾಜರು ಕೂತರು. "ಎರಡನೆಯದು. ಕಾರಿನ ಕೆಳಗೆ ಕಾಣದ ಬಡಗಿಯೊಬ್ಬನಿದ್ದಾನೆ. ಹೊರಡುವಾಗ ಒಂದು ಪೆಟ್ಟು ಹಾಕುತ್ತಾನೆ, ನಿಲ್ಲುವಾಗ ಒಂದು. ಯಾರವನು?"

ನೀಲಗಂಗಾ ಬಗ್ಗಿ ಹಿಂದಿನ ಚಕ್ರದ ಮಗ್ಗುಲಿಗೆ ಕೈ ಹಾಕಿದಳು. ಹೊರತೆಗೆದಾಗ ಅಂಗೈಯಲ್ಲಿ ಕರಿ ಪುಡಿಯಿತ್ತು, ಸುಟ್ಟ ರೊಟ್ಟಿಯ ಚೂರಿನಂಥದ್ದು.

"ಇದು ಒಂದು ಕಾಲಕ್ಕೆ ರಬ್ಬರ್ ಬುಷ್ ಆಗಿತ್ತು. ಕಮಾನಿನ ತುದಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಕೂತಿರುತ್ತದೆ. ಈಗ ಇಲ್ಲ. ಹೊರಟಾಗ ಕಬ್ಬಿಣ ಹಿಂದಕ್ಕೆ ಬಡಿಯುತ್ತದೆ, ನಿಂತಾಗ ಮುಂದಕ್ಕೆ. ಬಡಗಿ ಯಾರೂ ಇಲ್ಲ, ಮಹಾಸ್ವಾಮಿ. ಇದ್ದಿದ್ದರೆ ಅವನನ್ನೂ ಸೆರೆಗೆ ಹಾಕಿರುತ್ತಿದ್ದಿರಿ."

ಯಾರೋ ನಕ್ಕು, ಅದನ್ನು ಕೆಮ್ಮಾಗಿ ಬದಲಿಸಿದರು.

"ಮೂರನೆಯದು," ಎಂದರು ಮಹಾರಾಜರು, ಈ ಸಲ ಮೆಲ್ಲಗೆ. "ಕಾರು ಖಾಲಿಯಿದ್ದಾಗಲೂ ಹಿಂದೆ ಎಡಗಡೆಗೆ ಯಾರೋ ಕೂತಂತೆ ಬಾಗಿರುತ್ತದೆ. ಕೂತಿರುವವನು ಯಾರು? ಯೋಚಿಸಿ ಹೇಳು. ದೆವ್ವವೆಂದು ಜ್ಯೋತಿಷಿ ಜಗಲಿಯಿಂದಲೇ ಹೇಳಿಕಳಿಸಿದ್ದಾನೆ."

ನೀಲಗಂಗಾ ಯೋಚಿಸಲಿಲ್ಲ. "ತಾವೇ."

ದರಬಾರಿನವರು ಅವಳಿಂದ ಒಂದು ಹೆಜ್ಜೆ ದೂರ ಸರಿದರು; ಅವಳು ಮುಂದುವರಿಸಿದಳು.

"ಪಟ್ಟಕ್ಕೆ ಬಂದ ದಿನದಿಂದ ತಾವು ಕೂರುವುದು ಎಡಗಡೆಗೇ. ಪಟ್ಟಿ ಎಷ್ಟು ವರ್ಷ ಹೊರುತ್ತದೆ? ಕಮಾನು ಹೋಗಿ ಹಲಗೆಯಾಗಿದೆ. ತಾವು ಇಳಿದು ಹೋದರೂ ಅದು ಏಳುವುದಿಲ್ಲ. ಹಿಂದುಗಡೆ ಒಮ್ಮೆ ನೋಡಿಸಿ ಎಂದು ಅಪ್ಪ ಹತ್ತು ವರ್ಷದಿಂದ ಹೇಳುತ್ತಿದ್ದ. ಹೇಳಿದಾಗಲೆಲ್ಲ ಮುಂದೆ ನೋಡಿ ಓಡಿಸು ಎಂದಿರಿ. ಅವನು ಮುಂದೆ ನೋಡಿಯೇ ಓಡಿಸಿದ. ಪೇಟ ತಗುಲಿದ್ದು ಹಿಂದೆ."

ಮಹಾರಾಜರು ಖಾದರ್ ಮೇಸ್ತ್ರಿಯ ಕಡೆ ತಿರುಗಿದರು. "ಇವಳು ಹೇಳುವುದು ನಿಜವೇನಯ್ಯಾ?"

"ನಿಜ, ಮಹಾಸ್ವಾಮಿ."

"ನಿನಗೆ ಗೊತ್ತಿತ್ತೆ?"

"ಗ್ಯಾರೇಜಿನವರಿಗೆಲ್ಲ ಗೊತ್ತಿತ್ತು. ಗೊತ್ತಿರುವುದಕ್ಕೂ ಹಿಂದೆ ಹೋಗಿ ನಿಲ್ಲುವುದಕ್ಕೂ ಒಂದು ತಲೆಯಷ್ಟು ಅಂತರ."

ಮಹಾರಾಜರು ಎದ್ದರು. ಜೀವಮಾನದಲ್ಲಿ ಮೊದಲ ಸಲ, ಕಾರಿನ ಹಿಂಭಾಗಕ್ಕೆ ಹೋದರು. ಅಲ್ಲಿ ಮೂವತ್ತು ವರ್ಷದ ಕೆಸರಿತ್ತು. ಡಿಕ್ಕಿಯ ಮೇಲೆ ತಾವೂ ಒಮ್ಮೆ ಒತ್ತಿದರು. ಕಾರು ಅವರಿಗೂ ಅಷ್ಟೇ ಸಲ ತೂಗಿತು, ಒಂದೂ ಕಡಿಮೆ ಮಾಡಲಿಲ್ಲ.

"ಏನು ಬೇಕು, ಕೇಳು. ಅರ್ಧ ರಾಜ್ಯ ಕೊಡುವುದು ಪದ್ಧತಿ."

"ಅರ್ಧ ಏನೂ ಬೇಡ. ಅಪ್ಪ ಪೂರ್ತಿ ಬೇಕು."

ಬೂದೆಪ್ಪ ಅಂದೇ ಸಂಜೆ ಬಿಡುಗಡೆಯಾದ. ಜಗಲಿಯ ಮೇಲಿದ್ದ ಮೂವರನ್ನೂ ಮನೆಗೆ ಕಳಿಸಲಾಯಿತು. ಕಾರಿನ ಮಟ್ಟಿಗೆ ಕಟ್ಟಳೆ ಕೈಬಿಟ್ಟು, ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್, ಎಲ್ಲ ಬುಷ್, ಎರಡೂ ಬದಿಯ ಕಮಾನು ಪಟ್ಟಿಗಳನ್ನು ಹೊಸದಾಗಿ ಹಾಕಲಾಯಿತು. ಮಹಾರಾಜರು ಈಗ ನಡುವೆ ಕೂರುತ್ತಾರೆ.