ದೀರ್ಘ ಬಿದ್ದುಹೋದ ಪುಸ್ತಕ

"ನನ್ನ ಮೇಲೆ ಹರಾಜು ಕೂಗುವ ಗಂಡು ಈ ಸಂಸ್ಥಾನದಲ್ಲಿ ಇನ್ನೂ ಹುಟ್ಟಿಲ್ಲ!"

ಹೀಗೆಂದು ಮೀಸೆ ತಿರುವಿದವನು ಕೆಂಗಲ್ಲಾಪುರದ ದೊರೆ ರಣಧೀರ ನಾಯಕ. ತಿರುವಿದ್ದೆಲ್ಲಿ ಅಂತೀರಿ? ಹರಾಜು ನಡೆಯುವ ಚಾವಡಿಯಲ್ಲೇ, ಕೊಳ್ಳಲು ಬಂದವರ ಕಣ್ಣೆದುರಿಗೇ. ಮದರಾಸಿನಿಂದ ಬಂದಿದ್ದ ಪಾದ್ರಿಯೂ ಊರಿನ ಇಬ್ಬರು ಸಾಹುಕಾರರೂ ಬಾಯಿಗೆ ಬೀಗ ಹಾಕಿಕೊಂಡು ಕುಳಿತುಬಿಟ್ಟರು.

ಹರಾಜಿಗಿದ್ದದ್ದು ಒಂದು ಪುಸ್ತಕ. ದೊರೆಯ ತಾತನ ಕಾಲದಲ್ಲಿ ಸಂಸ್ಥಾನಕ್ಕೆ ಅಚ್ಚುಕೂಟ ಬಂದಾಗ ಮೊಟ್ಟಮೊದಲು ಅಚ್ಚಾದದ್ದು. ವಿಷಯ ಇನ್ನೇನು, ತಾತನ ಗುಣಗಾನ! ಮೊದಲ ಪುಟದಲ್ಲೇ, "ದಾನದಲ್ಲಿ ನಮ್ಮ ದೊರೆಗಳನ್ನು ಮೀರಿಸುವವರಿಲ್ಲ" ಎಂದು ಬರಬೇಕಿತ್ತು. ಅಚ್ಚುಮೊಳೆ ಜೋಡಿಸುವವನ ಕೈಯಿಂದ ದೀರ್ಘದ ಮೊಳೆ ಎಲ್ಲೋ ಜಾರಿತು. ಇನ್ನೂರು ಪ್ರತಿಗಳಲ್ಲೂ ಬಂದದ್ದು ಹೀಗೆ: "ದನದಲ್ಲಿ ನಮ್ಮ ದೊರೆಗಳನ್ನು ಮೀರಿಸುವವರಿಲ್ಲ."

ತಾತ ಕೆಂಡಾಮಂಡಲವಾಗಿ ಎಲ್ಲವನ್ನೂ ಸುಡಿಸಿದ. ಒಂದೇ ಒಂದು ಪ್ರತಿ ಮೊಳೆ ಜೋಡಿಸಿದವನ ಮನೆಯ ರಾಗಿ ತುಂಬಿಡುವ ವಾಡೆಯೊಳಗೆ ಉಳಿಯಿತು. ಈಗ ಆ ಅಚ್ಚುಕೂಟ ಅವನ ಮೊಮ್ಮಗನ ಹೆಂಡತಿ ಸಾವಂತ್ರಮ್ಮನದು. ಗಂಡ ತೀರಿಕೊಂಡಿದ್ದ, ಅಚ್ಚಿನ ಯಂತ್ರ ಮುರಿದು ಕೂತಿತ್ತು. ಹೊಸ ಯಂತ್ರ ಬಂದರೆ ಅಚ್ಚುಕೂಟ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಮಾರಲು ಅವಳಿಗಿದ್ದದ್ದು ಈ ಪುಸ್ತಕವೊಂದೇ.

ದೊರೆಗಾದರೋ ಬೇಕಾಗಿದ್ದದ್ದು ಪುಸ್ತಕವಲ್ಲ, ಅದರ ಬೂದಿ. ಕಿತ್ತುಕೊಂಡರೆ ಹೆಸರು ಕೆಡುತ್ತದೆಂದು ಕೊಳ್ಳಲು ಬಂದಿದ್ದ.

"ಒಂದು ರೂಪಾಯಿ!" ಎಂದ ದೊರೆ. "ಕೊಂಡು ಸೀದಾ ಬಚ್ಚಲೊಲೆಗೆ!"

ಸಾವಂತ್ರಮ್ಮನ ಕಣ್ಣಲ್ಲಿ ನೀರು ತುಂಬಿತು. ಪಕ್ಕದಲ್ಲಿ ನಿಂತಿದ್ದ ಆಸ್ಥಾನದ ಓದುಗ ಮುದ್ದಯ್ಯನ ಕಡೆ ತಿರುಗಿದಳು. "ಅಯ್ನೋರೇ, ಒಂದ್ರುಪಾಯಿಗೆ ಯಂತ್ರ ಇರ್ಲಿ, ಯಂತ್ರಕ್ಕೆ ಹಾಕೋ ಎಣ್ಣೆನೂ ಬರಕಿಲ್ಲ."

"ಸುಮ್ಮನಿರವ್ವಾ. ಇನ್ನೂ ಪುಸ್ತಕ ಬಾಯಿ ಬಿಟ್ಟಿಲ್ಲ" ಎಂದು ಮುದ್ದಯ್ಯ ಮುಂದೆ ಬಂದ.

"ಮಹಾಸ್ವಾಮಿ, ತಮ್ಮ ತಾತನವರದೇ ಕಟ್ಟಳೆ. ಯಾವ ಬೆಲೆಗೇ ಆಗಲಿ, 'ಒಂದು ಸಾರಿ' ಎಂದು ಕೂಗುವ ಮೊದಲು ಮಾಲು ತೋರಿಸಬೇಕು. ಎತ್ತಾದರೆ ನಡೆಸಿ, ಬಿಂದಿಗೆಯಾದರೆ ಬಡಿದು, ಪುಸ್ತಕವಾದರೆ ಓದಿ. ಇಲ್ಲದಿದ್ದರೆ ಹರಾಜು ರದ್ದು."

"ಓದು, ಓದು. ಬೇಗ ಮುಗಿಸು."

ಮುದ್ದಯ್ಯ ಗಂಟಲು ಸರಿಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಓದಿದ. "ದನದಲ್ಲಿ ನಮ್ಮ ದೊರೆಗಳನ್ನು ಮೀರಿಸುವವರಿಲ್ಲ!"

ಚಾವಡಿಯಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಕೆಮ್ಮು ಬಂತು. ಪಾದ್ರಿ ಟೋಪಿಯಿಂದ ಮುಖ ಮುಚ್ಚಿಕೊಂಡ.

"ದೀರ್ಘ ಹಾಕಿ ಓದೋ!" ದೊರೆ ಗುಡುಗಿದ.

ಮುದ್ದಯ್ಯ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ. "ಹಾಕುತ್ತಿದ್ದೆ ಮಹಾಸ್ವಾಮಿ. ಆದರೆ ಬಡವಿಯ ಪುಸ್ತಕಕ್ಕೆ ಒಂದು ರೂಪಾಯಿ ಕೊಟ್ಟವರನ್ನು 'ದಾನದಲ್ಲಿ' ಎಂದರೆ ಸುಳ್ಳಾಗುತ್ತದೆ. ಪುಸ್ತಕ ಹಿಡಿದು ಸುಳ್ಳು ಓದಿದರೆ ಸರಸ್ವತಿ ನಾಲಿಗೆ ಕಿತ್ತಾಳು."

ದೊರೆಯ ಕಿವಿ ಕೆಂಪಾಯಿತು. "ಐವತ್ತು!"

ಬೆಲೆ ಏರಿತಲ್ಲ, ಕೂಗು ಮತ್ತೆ ಮೊದಲಿನಿಂದ. ಮಾಲನ್ನೂ ಮತ್ತೆ ತೋರಿಸಬೇಕು.

"ದ... ನದಲ್ಲಿ ನಮ್ಮ ದೊರೆಗಳನ್ನು..."

"ಇದೇನೋ ಇದು, ಅರ್ಧಕ್ಕೆ ನಿಂತಿತು?"

"ದನ ಎದ್ದು ನಿಂತಿದೆ ಮಹಾಸ್ವಾಮಿ. ಇನ್ನೂ ಕೊಟ್ಟಿಗೆ ಬಿಟ್ಟಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ದೊರೆ ಪೀಠದಿಂದ ಎದ್ದೇ ನಿಂತ. "ಮುನ್ನೂರು!"

"ದ ಅ ನದಲ್ಲಿ..."

"ಈಗೇನಾಯಿತು?"

"ಹೊಸ್ತಿಲ ಮೇಲಿದೆ. ಒಂದು ಕಾಲು ಈಚೆ, ಮೂರು ಕಾಲು ಆಚೆ."

"ಅದನ್ನು ಹೊರಗೆ ಅಟ್ಟೋ, ಪುಣ್ಯಾತ್ಮ! ಸಾವಿರ! ಸಾವಿರ ರೂಪಾಯಿ!"

ಮುದ್ದಯ್ಯ ಎದೆ ತುಂಬ ಉಸಿರೆಳೆದುಕೊಂಡ. ಕಣ್ಣು ಮುಚ್ಚಿದ. "ದಾ ಆ ಆ ಆ ಆ..." ಆ ದೀರ್ಘ ಚಾವಡಿ ದಾಟಿತು, ಸಂತೆಬೀದಿ ದಾಟಿತು, ಕೆರೆ ಏರಿ ಹತ್ತಿತು. ಹರಾಜು ನಡೆಸುವವನು 'ಒಂದು ಸಾರಿ' ಎನ್ನಲು ಬಾಯಿ ತೆರೆದು ಕಾಯುತ್ತಿದ್ದ. ಕೊನೆಗೆ, "...ನದಲ್ಲಿ ನಮ್ಮ ದೊರೆಗಳನ್ನು ಮೀರಿಸುವವರಿಲ್ಲ!"

ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ! ಪುಸ್ತಕ ದೊರೆಯದಾಯಿತು. ಸಾವಂತ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಲೇ ನಕ್ಕಳು.

ದೊರೆ ಬೆವರು ಒರೆಸಿಕೊಂಡು ಕುಳಿತ. ಆಗ ಅವನಿಗೊಂದು ಅನುಮಾನ ಬಂತು.

"ಒಂದರಿಂದ ಸಾವಿರಕ್ಕೆ ಏರಿತಲ್ಲ, ನನ್ನ ಮೇಲೆ ಕೂಗಿದವನು ಯಾವನು?"

"ಅಂಥ ಗಂಡು ಹುಟ್ಟಿಲ್ಲವೆಂದು ತಾವೇ ಅಪ್ಪಣೆ ಕೊಡಿಸಿದ್ದಿರಿ" ಎಂದ ಮುದ್ದಯ್ಯ. "ತಮ್ಮನ್ನು ಮೀರಿಸಿದವರು ತಾವೇ."

ದೊರೆಗೆ ತಾನು ಬಿದ್ದ ಹಳ್ಳ ಈಗ ಕಂಡಿತು. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಸಿಟ್ಟನ್ನೇ ಹಿಡಿದ. "ಆಗಲಿ! ಪುಸ್ತಕ ನನ್ನದಾಯಿತಲ್ಲ. ಯಾರಲ್ಲಿ? ಇದನ್ನು ಬಚ್ಚಲೊಲೆಗೆ ಹಾಕಿ!"

ಮುದ್ದಯ್ಯ ಪುಸ್ತಕವನ್ನು ಎದೆಗವಚಿಕೊಂಡ. "ಹಾಕಿಸಬಹುದು ಮಹಾಸ್ವಾಮಿ. ಆದರೆ ಸಾವಿರ ರೂಪಾಯಿ ಕೊಟ್ಟು ಸ್ನಾನಕ್ಕೆ ನೀರು ಕಾಯಿಸಿದರು ಅಂತ ಊರಿಗೆ ಗೊತ್ತಾದ ಮೇಲೆ, ಆ ಸಾಲಿಗೆ ದೀರ್ಘ ಹಾಕಿ ಓದೋದು ನನ್ನ ಅಪ್ಪನಿಂದಲೂ ಆಗದು!"

ದೊರೆ ಒಮ್ಮೆ ಪುಸ್ತಕ ನೋಡಿದ, ಒಮ್ಮೆ ಮುದ್ದಯ್ಯನನ್ನು ನೋಡಿದ. ಆಮೇಲೆ ದೊರೆ ನಕ್ಕನು ನೋಡಿ, ಪೇಟ ಜಾರಿ ಮಡಿಲಿಗೆ ಬಿತ್ತು. ಪುಸ್ತಕ ಅರಮನೆಯ ಗಾಜಿನ ಬೀರು ಸೇರಿತು. ಮುದ್ದಯ್ಯನ ಹೆಗಲಿಗೆ ಜರತಾರಿ ಶಾಲು ಬಿತ್ತು.

"ಏನಮ್ಮಾ, ಹೊಸ ಯಂತ್ರದ ಜೊತೆಗೆ ಇನ್ನೇನು ತರಿಸುತ್ತೀ?" ಎಂದು ದೊರೆ ಸಾವಂತ್ರಮ್ಮನನ್ನು ಕೇಳಿದ.

ಅವಳು ಕೈಮುಗಿದಳು. "ದೀರ್ಘ, ಬುದ್ಧೀ. ಒಂದು ಪೆಟ್ಗೆ ತುಂಬ."